ಐನೂರು ರೂಪಾಯಿ ಬಹುಮಾನ



ವಿಡಂಬನಕಾರನ ಕೆಲಸವನ್ನು ಸರ್ಕಾರವೇ ವಹಿಸಿಕೊಂಡರೆ ಅವನಿಗೆ ಉಳಿಯುವುದೇನು? ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು 2017ರ ನವೆಂಬರಿನಲ್ಲಿ, ನಮ್ಮ ಈ ಹೈದರಾಬಾದಿನಲ್ಲಿ. ಜಾಗತಿಕ ಉದ್ಯಮಶೀಲತಾ ಶೃಂಗಸಭೆಗೆ ಅಮೆರಿಕದ ಅಧ್ಯಕ್ಷರ ಪುತ್ರಿ ಇವಾಂಕಾ ಟ್ರಂಪ್ ಬರುವವರಿದ್ದರು. ಅದಕ್ಕೆ ಕೆಲವೇ ದಿನಗಳ ಮುಂಚೆ, ರಸ್ತೆ ಸಂಚಾರಕ್ಕೆ ತೊಂದರೆಯೆಂಬ ಕಾರಣ ಕೊಟ್ಟು, ನಗರದಲ್ಲಿ ಭಿಕ್ಷೆ ಬೇಡುವುದನ್ನು ಪೊಲೀಸರು ಎರಡು ತಿಂಗಳ ಕಾಲ ನಿಷೇಧಿಸಿದರು. ಸಿಗ್ನಲ್ಲುಗಳಲ್ಲಿ ಕೈಯೊಡ್ಡುತ್ತಿದ್ದವರನ್ನು ಹಿಡಿದು ಚಂಚಲಗೂಡ ಸೆರೆಮನೆಯ ಆವರಣದ ಆಶ್ರಮಕ್ಕೆ ಒಯ್ದರು. ಆಶ್ರಮದ ಹೆಸರು ‘ಆನಂದ’! ಸಾಲದೆಂಬಂತೆ ಕಾರಾಗೃಹ ಇಲಾಖೆ, ಭಿಕ್ಷುಕರ ಸುಳಿವು ಕೊಟ್ಟವರಿಗೆ 500 ರೂಪಾಯಿ ಬಹುಮಾನವನ್ನೂ ಘೋಷಿಸಿತು. 2000ದ ಮಾರ್ಚಿನಲ್ಲಿ ಕ್ಲಿಂಟನ್ ಬಂದಾಗಲೂ ಊರು ಹೀಗೆಯೇ ‘ಶುಚಿ’ಯಾಗಿದ್ದುದನ್ನು ಇಲ್ಲಿನ ಹಳಬರು ಮರೆತಿರಲಾರರು.

ಈ 500ರ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನಿಟ್ಟು ನೋಡಿ. 2011ರಲ್ಲಿ ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರದಂತೆ, ನಗರದಲ್ಲಿ ದಿನಕ್ಕೆ 32 ರೂಪಾಯಿ ವೆಚ್ಚ ಮಾಡಬಲ್ಲವನು ಬಡವನಲ್ಲ. ಅಂದರೆ, ಆ ಲೆಕ್ಕದಲ್ಲಿ, ಒಬ್ಬ ಬಡವನನ್ನು ತೋರಿಸಿಕೊಟ್ಟವನಿಗೆ 15 ದಿನ ಬಡವನಾಗದೆ ಬಾಳುವಷ್ಟು ಹಣ! ಯಾವ ಹಾಸ್ಯ ಲೇಖಕನಿಗೂ ಹೊಳೆಯದಿದ್ದುದು ಕಡತಗಳಿಗೆ ಹೊಳೆಯಿತು.

1729ರಲ್ಲಿ ಡಬ್ಲಿನ್ನಿನ ಜೊನಾಥನ್ ಸ್ವಿಫ್ಟ್, ಐರ್ಲೆಂಡಿನ ಬಡವರ ಕೂಸುಗಳನ್ನು ಸಿರಿವಂತರ ಊಟಕ್ಕೆ ಮಾರಬಹುದೆಂದು ಅತ್ಯಂತ ಗಂಭೀರವಾಗಿ ಬೆಲೆ ಕಟ್ಟಿ ಬರೆದ. ಬಡವರನ್ನು ಬರಿಯ ಲೆಕ್ಕವಾಗಿಸುವ ಆಡಳಿತದ ಭಾಷೆಗೇ ಅವನು ಗುರಿಯಿಟ್ಟದ್ದು. ಓದುಗನಿಗೆ ನಗು ಬರುವ ಮೊದಲೇ ಮೈ ನಡುಗಬೇಕು. ನಮ್ಮ ಹೊರನಾಡ ಸಂಘಗಳಲ್ಲಿ ಹಾಸ್ಯ ಸಂಜೆಗಳಿಗೇನೂ ಬರವಿಲ್ಲ. ಆದರೆ ಅಲ್ಲಿ ನಗೆಗೀಡಾಗುವವರು ಯಾರು? ಹೆಂಡತಿ, ಮನೆಗೆಲಸದಾಕೆ, ತಪ್ಪು ತೆಲುಗು ಆಡುವ ನಮ್ಮವನೇ ಒಬ್ಬ. ಸರ್ಕಾರಿ ಸುತ್ತೋಲೆಯನ್ನು ಓದಿ ನಕ್ಕ ಸಭೆಯನ್ನು ನಾನು ಕಂಡಿಲ್ಲ.

ಇದು ಹೈದರಾಬಾದಿನ ಪಾಪವಷ್ಟೇ ಎಂದು ತವರಿನವರು ಬೀಗಬೇಕಿಲ್ಲ. ಭಿಕ್ಷುಕರ ಹೆಸರಿನಲ್ಲಿ ಆಸ್ತಿ ತೆರಿಗೆಯೊಡನೆ ಉಪಕರ ವಸೂಲು ಮಾಡುವ ನಾಡು ನಮ್ಮದು. ಆ ನಾಡಿನ ರಾಜಧಾನಿಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟಿನಲ್ಲಿ ಕೆಲವೇ ದಿನಗಳೊಳಗೆ ಹಲವರು ಸತ್ತರು. ಅದರ ಹೆಸರಿನಲ್ಲಿರುವ ‘ಪರಿಹಾರ’ ಎಂಬ ಪದಕ್ಕೆ ಬೇರೆ ವ್ಯಂಗ್ಯ ಬೇಕೆ?

ಮುಂದಿನ ಸಂಚಿಕೆಗೆ ವಿಡಂಬನ ಬರಹಗಳನ್ನು ಆಹ್ವಾನಿಸುತ್ತಿದ್ದೇನೆ. ನಿಬಂಧನೆ ಒಂದೇ: ಯಾವುದಾದರೊಂದು ಸರ್ಕಾರಿ ಆದೇಶವನ್ನು ಎದುರಿಗಿಟ್ಟುಕೊಂಡು ಬರೆಯಿರಿ. ಬಡವನನ್ನು ನಗೆಪಾಟಲು ಮಾಡಿದ ಬರಹಗಳನ್ನು, ಅಂಚೆಚೀಟಿ ಲಗತ್ತಿಸಿರದಿದ್ದರೂ ನಮ್ಮ ಖರ್ಚಿನಲ್ಲೇ ಹಿಂದಿರುಗಿಸಲಾಗುವುದು.