ಕರುಳು ಕಳೆದುಕೊಂಡವರಿಗೆ ಎರಡು ವರ್ಷಗಳ ಆರೈಕೆ ಕೋರಿ ಮನವಿ ಪತ್ರ

ಇವರಿಗೆ:
ಮಾನ್ಯ ಪ್ರಧಾನ ಕಾರ್ಯದರ್ಶಿಗಳು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಇವರಿಂದ:
ಕರುಳಿನ ಶಸ್ತ್ರಚಿಕಿತ್ಸೆಗೆ ಒಳಗಾದವರು ಮತ್ತು ಅವರ ಮನೆಯವರು.

ವಿಷಯ: ಸಣ್ಣ ಕರುಳು ಕತ್ತರಿಸಿ ತೆಗೆದ ರೋಗಿಗಳಿಗೆ ಮುಂದುವರಿದ ಆರೈಕೆ ಒದಗಿಸುವ ಬಗ್ಗೆ.

ಮಾನ್ಯರೇ,

ರಕ್ತನಾಳ ಕಟ್ಟಿಕೊಂಡೋ ಕರುಳು ತಿರುಚಿಕೊಂಡೋ ಸಣ್ಣ ಕರುಳಿನ ಬಹುಭಾಗ ಕಳೆದುಕೊಂಡವರು ನಾವು. ವಯಸ್ಕರಲ್ಲಿ ಸುಮಾರು 6 ಮೀಟರ್ ಇರುವ ಈ ಕರುಳು 200 ಸೆಂ.ಮೀ.ಗಿಂತ ಕಡಿಮೆ ಉಳಿದರೆ ಉಂಡದ್ದು ಮೈಗೆ ಹತ್ತುವುದು ಕಷ್ಟ. ಆದರೆ ಉಳಿದ ತುಂಡು ತಾನೇ ಹಿಗ್ಗುತ್ತದೆ, ಒಳಗೋಡೆಯ ಎಳೆಗಳು ಉದ್ದವಾಗುತ್ತವೆ. ವಯಸ್ಕರಲ್ಲಿ ಈ ಹೊಂದಾಣಿಕೆ ಬಹುಪಾಲು ಮೊದಲ 2 ವರ್ಷಗಳಲ್ಲೇ ನಡೆಯುತ್ತದೆ. ಅದಕ್ಕೆ ಕರುಳಿನೊಳಗೆ ಆಹಾರ ಇಳಿಯಬೇಕು, ಬರೀ ಡ್ರಿಪ್ ಸಾಲದು. ದೊಡ್ಡ ಕರುಳು ಉಳಿದವರಿಗೆ ಅಲ್ಲಿನ ಬ್ಯಾಕ್ಟೀರಿಯಾಗಳೂ ದುಡಿದುಕೊಡುತ್ತವೆ. ಜೀರ್ಣವಾಗದೆ ಬಂದ ಪಿಷ್ಟವನ್ನೂ ನಾರನ್ನೂ ಹುದುಗಿಸಿ, ದೇಹಕ್ಕೆ ಶಕ್ತಿಯಾಗುವ ಬ್ಯುಟಿರೇಟ್‌ನಂಥ ಆಮ್ಲಗಳನ್ನು ತಯಾರಿಸುತ್ತವೆ.

ಅವೇ ಅಂಕೆ ಮೀರಿದರೆ ಅಪಾಯ. ನಮ್ಮಲ್ಲೊಬ್ಬರು ಮದುವೆಮನೆಯಲ್ಲಿ ಸಿಹಿ ಉಂಡ ಮರುದಿನ ತೊದಲತೊಡಗಿದರು, ನಡೆದರೆ ತೂರಾಡುತ್ತಿದ್ದರು. ತುರ್ತು ಚಿಕಿತ್ಸಾ ಘಟಕದಲ್ಲಿ ಕುಡಿದು ಬಂದಿದ್ದಾರೆಂದು ಗದರಿ ಮೂಲೆಯಲ್ಲಿ ಕೂರಿಸಿದರು. ಮದ್ಯ ಮುಟ್ಟಿದವರೇ ಅಲ್ಲವೆಂದು ಹೆಂಡತಿ ಅಂಗಲಾಚಿದರೂ ಕೇಳುವವರಿರಲಿಲ್ಲ. ಕರುಳಿನ ಲ್ಯಾಕ್ಟೋಬ್ಯಾಸಿಲಸ್‌ಗಳು ಸಕ್ಕರೆಯಿಂದ ತಯಾರಿಸಿದ ಡಿ-ಲ್ಯಾಕ್ಟೇಟ್ ಅವರ ರಕ್ತಕ್ಕೆ ಸೇರಿತ್ತು. ಮಾಮೂಲಿ ಪರೀಕ್ಷೆ ಅಳೆಯುವುದು ಎಲ್-ಲ್ಯಾಕ್ಟೇಟನ್ನು ಮಾತ್ರ. ಹಾಗಾಗಿ ವರದಿಯಲ್ಲಿ ಏನೂ ಕಾಣಲಿಲ್ಲ.

ನಮ್ಮ ಮೊದಲ ಬೇಡಿಕೆಗೆ ಹಣ ಬೇಕಿಲ್ಲ. ಎಷ್ಟು ಸೆಂ.ಮೀ. ಸಣ್ಣ ಕರುಳು ಉಳಿದಿದೆ, ದೊಡ್ಡ ಕರುಳು ಎಷ್ಟಿದೆ ಎಂಬುದನ್ನು ಡಿಸ್ಚಾರ್ಜ್ ಪತ್ರದಲ್ಲಿ ಕಡ್ಡಾಯವಾಗಿ ಬರೆಯಬೇಕು. ಮುಂದೆ ನೋಡುವ ವೈದ್ಯರಿಗೆ ತೆಗೆದುಹಾಕಿದ್ದರ ಲೆಕ್ಕಕ್ಕಿಂತ ಉಳಿದದ್ದರ ಲೆಕ್ಕವೇ ಮುಖ್ಯ. ಜಿಲ್ಲಾ ಆಸ್ಪತ್ರೆಗಳಲ್ಲಿ 2 ವರ್ಷ ತಪ್ಪದೆ ತೂಕ, ಸೋಡಿಯಂ, ಮೆಗ್ನೀಷಿಯಂ ಪರೀಕ್ಷಿಸಿ ಆಹಾರ ತಜ್ಞರ ಸಲಹೆ ಕೊಡಿಸಬೇಕು. ಓಆರ್‌ಎಸ್ ಉಚಿತವಾಗಿ ಸಿಗಬೇಕು. ಸಣ್ಣ ಕರುಳಿನ ಕೊನೆಯ ಭಾಗ ಇಲ್ಲದವರಿಗೆ ಬಿ12 ಚುಚ್ಚುಮದ್ದೂ ಸಿಗಬೇಕು. ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ತೆರೆದು ಚೀಲ ಕಟ್ಟಿದವರು ಬಾಯಾರಿಕೆಗೆ ಬರೀ ನೀರು ಕುಡಿದಷ್ಟೂ ಮೈಯ ಉಪ್ಪು ಹರಿದುಹೋಗುತ್ತದೆ. ಇದನ್ನು ಮನೆಯವರಿಗೆ ಬಿಡಿಸಿ ಹೇಳುವ ನರ್ಸ್ ಬೇಕು. ಡ್ರಿಪ್ ಮೂಲಕವೇ ಪೋಷಣೆ ಬೇಕಾದವರಿಗೆ ಅದನ್ನು ಮನೆಯಲ್ಲಿ ಸೋಂಕಿಲ್ಲದೆ ನಡೆಸುವ ತರಬೇತಿ, ಧನಸಹಾಯ ದೊರೆಯಬೇಕು. ಡಿ-ಲ್ಯಾಕ್ಟೇಟ್ ಪರೀಕ್ಷೆಗೆ ಸರ್ಕಾರಿ ಪ್ರಯೋಗಾಲಯವೊಂದನ್ನು ಗೊತ್ತುಪಡಿಸಿ, ಅದು ರಕ್ತದಲ್ಲಿ ಏರಿದಾಗಿನ ಲಕ್ಷಣಗಳನ್ನು ತುರ್ತು ಘಟಕಗಳ ವೈದ್ಯರಿಗೆ ಸುತ್ತೋಲೆಯ ಮೂಲಕ ತಿಳಿಸಬೇಕು.

ನಮ್ಮ ದಾಖಲೆಗಳೊಂದಿಗೆ ತಮ್ಮನ್ನು ಕಾಣಲು ದಿನಾಂಕ ಗೊತ್ತುಪಡಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
(ಸಹಿಗಳು)