ದಂಡೆಯಿಂದ ನಡೆಸುವ ದೋಣಿ

ರೋಣ, ನರಗುಂದ, ಗಜೇಂದ್ರಗಡಗಳ ಹೆಸರು ಕೇಳಿದೊಡನೆ ವಾಚಕರ ಕಣ್ಣಿಗೆ ಕಟ್ಟುವುದು ಎರೆಭೂಮಿ. ಮೀನು ಯಾರಿಗೂ ನೆನಪಾಗದು. ಆದರೂ ಹೊಳೆಆಲೂರು, ಕೊಣ್ಣೂರುಗಳು ಮಲಪ್ರಭೆಯ ದಂಡೆಯ ಊರುಗಳು. ಬೆಣ್ಣೆಹಳ್ಳವು ಆ ಹೊಳೆಯನ್ನು ಕೂಡುವುದು ರೋಣದ ಸೀಮೆಯಲ್ಲಿಯೇ. ಇವಲ್ಲದೆ, 2014ರಲ್ಲಿ ‘ಕೃಷಿಭಾಗ್ಯ’ ಯೋಜನೆ ಬಂದಂದಿನಿಂದ ಹಲವು ಹೊಲಗಳಲ್ಲಿ ತೋಡಿದ ಹೊಂಡಗಳಿವೆ. ನೀರು ನಿಂತಲ್ಲಿ ಮೀನು, ಮೀನಿದ್ದಲ್ಲಿ ಗಾಳ. ಮನೆಯಲ್ಲಿಯೇ ಮಾಡಿದ ರೇಡಿಯೋ ದೋಣಿಯಿಂದ ಗಾಳ ಹಾಕುವ ವಿಚಾರವಾಗಿ ನಾಲ್ಕು ಮಾತು ಬರೆದರೆ ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ.

ದೋಣಿಯ ರಚನೆ ದೊಡ್ಡ ವಿದ್ಯೆಯೇನಲ್ಲ. ದಪ್ಪ ಥರ್ಮಾಕೋಲಿನ ಒಡಲು. ಹಿಂದೆ ಎರಡು ಸಣ್ಣ ಮೋಟಾರು, ಎರಡು ಪಂಖ. ಒಂದನ್ನು ತಡೆದು ಇನ್ನೊಂದನ್ನು ಓಡಿಸಿದರೆ ದೋಣಿ ಹೊರಳುತ್ತದೆ, ಚುಕ್ಕಾಣಿಯ ಗೊಡವೆಯಿಲ್ಲ. ಗಾಳದ ದಾರವನ್ನು ಹಿಂಬದಿಯ ಚಿಮಟಿಗೆ ಸಿಕ್ಕಿಸಿ, ಶೇಂಗಾಹಿಂಡಿ, ತೌಡುಗಳ ಉಂಡೆಯನ್ನು ಕೊಕ್ಕೆಗೆ ಹಚ್ಚಿ ಬಿಡುವುದು. ಬೇಕಾದ ತಾವಿನಲ್ಲಿ ದಾರವನ್ನು ಜಗ್ಗಿದರೆ ಉಂಡೆ ನೀರಿಗೆ ಬೀಳುತ್ತದೆ, ದೋಣಿ ಬರಿದಾಗಿ ಮರಳುತ್ತದೆ. ರೇಡಿಯೋ ಅಲೆಗಳು ನೀರಿನೊಳಗೆ ಬಹುಬೇಗ ಅಡಗುವುದರಿಂದ ಏರಿಯಲ್ ನೀರಿನಿಂದ ಎದ್ದು ನಿಂತಿರಬೇಕು. ಇಲ್ಲವಾದರೆ ದೋಣಿ ನಡುಕೆರೆಯಲ್ಲಿ ಕಿವುಡಾಗುತ್ತದೆ. 2.4 ಗಿಗಾಹರ್ಟ್ಸಿನ ಕಡಿಮೆ ಶಕ್ತಿಯ ಯಂತ್ರಗಳಿಗೆ 2005ರಿಂದ ನಮ್ಮ ದೇಶದಲ್ಲಿ ಲೈಸೆನ್ಸಿನ ಅಗತ್ಯವಿಲ್ಲ.

ಇದು ಇಂದಿನ ಹುಡುಗರ ಹೊಸ ಹುಚ್ಚೆಂದು ಮೂಗು ಮುರಿಯುವವರು 1898ನ್ನು ನೆನೆಯಬೇಕು. ಆ ವರ್ಷ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಪುಟ್ಟ ದೋಣಿಯೊಂದನ್ನು ತಂತಿಯಿಲ್ಲದೆ ನಡೆಸಿ ತೋರಿಸಿದನು. ನವೆಂಬರ್ 8ರಂದು ಅದಕ್ಕೆ ಪೇಟೆಂಟೂ ದೊರೆಯಿತು. ಅದನ್ನು ಯುದ್ಧಕ್ಕೆ ಒದಗಿಸುವ ಎಣಿಕೆ ಅವನಿಗಿತ್ತು. ಅದೇ ವಿದ್ಯೆ ಇಂದು ಹಿಂಡಿಯ ಉಂಡೆಯನ್ನು ಹೊರುತ್ತಿದ್ದರೆ ಅದನ್ನು ವಿದ್ಯೆಯ ಅವನತಿಯೆನ್ನಲು ನನಗೆ ಮನಸ್ಸು ಬಾರದು.

ನಾನು ಈ ದೋಣಿಯ ಪಕ್ಷ ವಹಿಸುವುದಕ್ಕೆ ಮುಖ್ಯ ಕಾರಣ ಬೇರೆಯೇ ಇದೆ. ಕೃಷಿಹೊಂಡದ ಒಳಮೈಗೆ ಪ್ಲಾಸ್ಟಿಕ್ ಹಾಳೆಯನ್ನು ಹಾಸಿರುತ್ತಾರೆ. ನೀರು ಇಂಗದಿರಲು ಅದು ಬೇಕು. ಆದರೆ ಪಾಚಿ ಕಟ್ಟಿದ ಆ ಇಳಿಜಾರಿನಲ್ಲಿ ಕಾಲು ಜಾರಿದವನಿಗೆ ಹಿಡಿದುಕೊಳ್ಳಲು ಒಂದು ಹುಲ್ಲುಕಡ್ಡಿಯೂ ಸಿಕ್ಕದು. ಈಜು ಬಲ್ಲವನೂ ಮೇಲೇರಲಾರ. ಸಿಕ್ಕಿಕೊಂಡ ಗಾಳವನ್ನು ಬಿಡಿಸಲು, ಇನ್ನೂ ನಾಲ್ಕು ಮಾರು ಮುಂದೆ ಎಸೆಯಲು ಹುಡುಗರು ಇಳಿಯುವುದು ಇಂಥಲ್ಲಿಯೇ. ರೋಣದ ಕಡೆಯ ಹೊಲವೊಂದರಲ್ಲಿ ಮುದುಕರೊಬ್ಬರು, “ಯಾಕಪಾ ತಮ್ಮಾ, ಆಟಗಿ ದೋಣಿ ಬಿಟ್ಟ ಮೀನ ಹಿಡಿತಿಯೇನ?” ಎಂದು ನಕ್ಕರು. ಹುಡುಗನು, “ನಾ ಇಳಿದರ ಮ್ಯಾಲೆ ಬರಾಕ ಆಗೂದಿಲ್ಲ ಕಾಕಾ, ಅದಕ್ಕ ಇದನ್ನ ಕಳಸೇನಿ” ಎಂದನು. ಮುದುಕರು ಮತ್ತೆ ನಗಲಿಲ್ಲ.

ಯಂತ್ರದಿಂದ ಮೀನು ಹಿಡಿಯುವುದು ಮೋಸವೆಂಬ ಆಕ್ಷೇಪ ನನಗೆ ದೊಡ್ಡದಾಗಿ ಕಾಣದು. ಮೀನು ಕಚ್ಚಬೇಕು, ಎಳೆಯುವವನ ಕೈ ಎಳೆಯಬೇಕು. ದೋಣಿ ಅಲ್ಲಿ ಮೂಕಪ್ರೇಕ್ಷಕ. ಇನ್ನೊಂದು ಆಕ್ಷೇಪ ಮಾತ್ರ ನಿಜಕ್ಕೂ ಭಾರವಾದುದು. ಊರ ಕೆರೆಯ ಮೀನು ಗುತ್ತಿಗೆಗೆ ಹೋಗಿರುತ್ತದೆ. ಕಾಟ್ಲಾ, ರೋಹು, ಮೃಗಾಲಗಳ ಮರಿಗಳನ್ನು ಯಾರೋ ಹಣ ತೆತ್ತು ಬಿಟ್ಟಿರುತ್ತಾರೆ. ಹರಿಗೋಲು, ಬಲೆಗಳನ್ನೇ ನಂಬಿದ ಮನೆಗಳಿಗೆ ಅದು ಅನ್ನ. ನಮಗೆ ಆದಿತ್ಯವಾರದ ವಿನೋದ. ಅವರನ್ನು ಕೇಳದೆ ದೋಣಿ ಬಿಡುವುದು ಕಳವು. ಅದನ್ನು ವಿಜ್ಞಾನವೆಂದು ಕರೆದು ಮುಚ್ಚಬಾರದು. ನಮ್ಮ ಗದಗ ಜಿಲ್ಲೆಯದೇ ಆದ, 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಮಾಗಡಿ ಕೆರೆಯಂತಹ ಕಡೆಗಳಲ್ಲಿ, ಚಳಿಗಾಲಕ್ಕೆ ಬರುವ ಪಟ್ಟೆತಲೆಯ ಹೆಬ್ಬಾತುಗಳ ನಡುವೆ ಇದನ್ನು ಓಡಿಸುವ ಯೋಚನೆಯನ್ನೇ ಮಾಡಕೂಡದು. ಹರಿದುಳಿದ ನೈಲಾನ್ ದಾರ ಹಕ್ಕಿಯ ಕಾಲಿಗೆ ಉರುಳಾಗುತ್ತದೆ.

ಶಾಲೆಯ ಉಪಾಧ್ಯಾಯರಿಗೆ ಒಂದು ಸೂಚನೆ. ಗಾಳದ ಬದಲು ಮೊಳಮೊಳಕ್ಕೆ ಗಂಟಿಕ್ಕಿದ ದಾರಕ್ಕೆ ಸೀಸದ ಗುಂಡು ಕಟ್ಟಿ, ಅದೇ ಚಿಮಟಿಗೆ ಸಿಕ್ಕಿಸಿ ಕಳುಹಿಸಿದರೆ ಕೆರೆಯ ಆಳ ಎಲ್ಲೆಲ್ಲಿ ಎಷ್ಟೆಂದು ತಿಳಿಯಬಹುದು. ಗುಂಡಿನ ಭಾರವನ್ನು ದೋಣಿ ತಾಳುವಷ್ಟಕ್ಕೇ ಇಡಬೇಕು; ಬೆಂಡೊಂದನ್ನು ಕಟ್ಟಿದರೆ ದಾರ ನೆಟ್ಟಗೆ ಇಳಿದುದು ದಂಡೆಯಿಂದಲೇ ಕಾಣುತ್ತದೆ. ಪ್ರತಿ ಬೇಸಗೆಯ ಆರಂಭಕ್ಕೆ ಒಮ್ಮೆ ಹೀಗೆ ಅಳೆದು ವಹಿಯಲ್ಲಿ ಬರೆದಿಟ್ಟರೆ, ಹೂಳಿನ ಮಾತು ಬಂದಾಗ ಪಂಚಾಯತಿಯ ಮುಂದೆ ಇಡಲು ಹುಡುಗರ ಕೈಯಲ್ಲಿ ಲೆಕ್ಕವಾದರೂ ಇರುತ್ತದೆ.