ದೇಶಬಂಧುಗಳ ನಗರಾಡಳಿತ

ದೇಶಬಂಧು ಚಿತ್ತರಂಜನ ದಾಸರು 1924ರಲ್ಲಿ ಕಲಕತ್ತೆಯ ಪ್ರಥಮ ಮೇಯರರಾಗಿ ಅಧಿಕಾರ ವಹಿಸಿ ಶತಮಾನವು ಸಂದುಹೋಯಿತು. ಅವರನ್ನು ನ್ಯಾಯವಾದಿಯೆಂದೂ ತ್ಯಾಗಿಯೆಂದೂ ದೇಶವು ಸ್ಮರಿಸುತ್ತದೆ. ನಗರಾಧ್ಯಕ್ಷರೆಂದು ಸ್ಮರಿಸುವವರು ವಿರಳ. ಈ ಉಪೇಕ್ಷೆಯು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

1870ರಲ್ಲಿ ಜನಿಸಿದ ದಾಸರು ಅಲಿಪುರದ ಮೊಕದ್ದಮೆಯಲ್ಲಿ ಅರವಿಂದರ ಪರವಾಗಿ ವಾದಿಸಿ 1909ರಲ್ಲಿ ಅವರಿಗೆ ಬಿಡುಗಡೆಯನ್ನು ದೊರಕಿಸಿದರು. ಕಾನೂನಿನ ನಿರ್ಬಂಧವಿಲ್ಲದಿದ್ದರೂ ತಂದೆಯ ಹಳೆಯ ಸಾಲವನ್ನು ತೀರಿಸಿದರು. ಅಸಹಕಾರದ ಕರೆ ಬಂದೊಡನೆ ಅಪಾರ ವರಮಾನದ ವಕೀಲಿಯನ್ನು ತೊರೆದು, 1921ರಲ್ಲಿ ಸೆರೆಮನೆಯನ್ನು ಸೇರಿದರು.

ಶಾಸನಸಭೆಯಲ್ಲಿ ಸರ್ಕಾರವನ್ನು ಪ್ರತಿಹೆಜ್ಜೆಗೂ ತಡೆಯಹೊರಟವರು ನಗರಸಭೆಯ ಅಧಿಕಾರವನ್ನು ಕೈಗೊಂಡುದು ಹೇಗೆ ಯುಕ್ತವೆಂದು ಕೇಳಬಹುದು. ಉತ್ತರವು ಸರಳವಾಗಿದೆ. ಅಲ್ಲಿ ಮಂತ್ರಿಗಳಿಗೆ ಹೊಣೆಯಿದ್ದಿತು, ಬೊಕ್ಕಸದ ಮೇಲೆ ಹಿಡಿತವಿರಲಿಲ್ಲ. ಇಲ್ಲಿಯಾದರೋ 1923ರ ಶಾಸನವು ಚುನಾಯಿತರಿಗೆ ನಿಜವಾದ ಅಧಿಕಾರವನ್ನಿತ್ತಿದ್ದಿತು. ಆ ಶಾಸನವನ್ನು ರಚಿಸಿದ ಸುರೇಂದ್ರನಾಥ ಬ್ಯಾನರ್ಜಿಯವರನ್ನು ಚುನಾವಣೆಯಲ್ಲಿ ಸೋಲಿಸಿದ ಪಕ್ಷವೇ ಅದರ ಫಲವನ್ನು ಪಡೆದುದು ವಿಧಿಯ ವಿನೋದ. ಅಧಿಕಾರವು ಸೋಗಾಗಿರುವಲ್ಲಿ ಅದನ್ನು ಬಯಲಿಗೆಳೆಯುವುದು, ನಿಜವಾಗಿರುವಲ್ಲಿ ಜನಹಿತಕ್ಕೆ ಬಳಸುವುದು: ದಾಸರ ನೀತಿ ಇದೇ.

ಬಡವರ ಮಕ್ಕಳಿಗೆ ಉಚಿತ ಪ್ರಾಥಮಿಕ ಶಿಕ್ಷಣವೂ ರೋಗಿಗಳಿಗೆ ಚಿಕಿತ್ಸೆಯೂ ನಗರಸಭೆಯ ಧರ್ಮವೆಂದು ಅವರು ಸಾರಿದರು. 27 ವರ್ಷದ ಸುಭಾಷಚಂದ್ರ ಬೋಸರನ್ನು ಕಾರ್ಯನಿರ್ವಾಹಕರನ್ನಾಗಿ ನೇಮಿಸಿದರು. ಬೋಸರು 3000 ರೂಪಾಯಿಗಳ ವೇತನದಲ್ಲಿ ಅರ್ಧವನ್ನು ಮಾತ್ರ ಸ್ವೀಕರಿಸಿದರು. ಶಹೀದ್ ಸುಹ್ರವರ್ದಿಯವರು ಉಪಮೇಯರರಾದರು. ನೌಕರಿಗಳಲ್ಲಿ ಮುಸಲ್ಮಾನರಿಗೆ ನ್ಯಾಯವಾದ ಪಾಲನ್ನು ಕೊಡಹೊರಟಾಗ ಸ್ವಜನರಿಂದಲೇ ಟೀಕೆಯು ಬಂದಿತು, ದಾಸರು ಹಿಂಜರಿಯಲಿಲ್ಲ. ಅಕ್ಟೋಬರಿನಲ್ಲಿ ಸರ್ಕಾರವು ಬೋಸರನ್ನು ವಿಚಾರಣೆಯಿಲ್ಲದೆ ಬಂಧಿಸಿದಾಗ, ದೇಶಪ್ರೇಮವು ಅಪರಾಧವಾದರೆ ಮೇಯರನೂ ಅಪರಾಧಿಯೇ ಎಂದು ಸಭೆಯಲ್ಲಿ ಸಾರಿದರು. ಪಕ್ಷದವರಿಗೆ ಹುದ್ದೆಗಳನ್ನು ಹಂಚಿದರೆಂಬ ದೂರು ಆಗಲೂ ಇದ್ದಿತು. ಅದನ್ನು ನಾವು ಮರೆಮಾಚುವುದಿಲ್ಲ. ಆದರೆ ತಮ್ಮ ಮನೆಯನ್ನೇ ಲೋಕಹಿತಕ್ಕೆ ಬರೆದುಕೊಟ್ಟವರಲ್ಲಿ ಸ್ವಾರ್ಥವನ್ನು ಆರೋಪಿಸಲು ಯಾರಿಂದಲೂ ಸಾಧ್ಯವಿಲ್ಲ. ಆ ಮನೆಯಲ್ಲಿ ಮುಂದೆ ಸ್ತ್ರೀಯರ ಚಿಕಿತ್ಸೆಗಾಗಿ ಚಿತ್ತರಂಜನ ಸೇವಾಸದನವು ತಲೆಯೆತ್ತಿತು.

1925ರ ಜೂನ್ 16ರಂದು ಡಾರ್ಜಿಲಿಂಗಿನಲ್ಲಿ ಅವರು ತೀರಿಕೊಂಡಾಗ ಅಧಿಕಾರ ವಹಿಸಿ ಒಂದೂಕಾಲು ವರ್ಷವೂ ತುಂಬಿರಲಿಲ್ಲ. ಆರಂಭಿಸಿದ ಕಾರ್ಯಗಳಲ್ಲಿ ಬಹುಭಾಗವು ಉತ್ತರಾಧಿಕಾರಿಗಳ ಪಾಲಿಗೆ ಉಳಿಯಿತು.

ಇಂದು ಸ್ವತಂತ್ರ ಭಾರತದ ಅನೇಕ ಮಹಾನಗರಗಳಲ್ಲಿ ಮೇಯರರ ಪದವಿಯು ಸಮಾರಂಭಗಳ ಶೋಭೆಗೆ ಮಾತ್ರ ಉಳಿದು, ಆಡಳಿತದ ಸೂತ್ರವು ಸರ್ಕಾರವು ನೇಮಿಸಿದ ಕಮಿಷನರರ ಕೈಯಲ್ಲಿದೆ. ಪರರ ಆಳ್ವಿಕೆಯಲ್ಲಿ ಕಲಕತ್ತೆಯ ಪೌರರಿಗೆ ದೊರೆತಷ್ಟು ಅಧಿಕಾರವೂ ನಮ್ಮವರದೇ ಆಳ್ವಿಕೆಯಲ್ಲಿ ನಮ್ಮ ಪೌರರಿಗೆ ದೊರೆಯಬಾರದೇ? ಬೀದಿಯ ದೀಪ, ಕುಡಿಯುವ ನೀರು, ಬಡಮಗುವಿನ ಶಾಲೆ, ಇವುಗಳಲ್ಲಿ ಕಾಣದ ಸ್ವರಾಜ್ಯವು ಸ್ವರಾಜ್ಯವಲ್ಲ. ದೇಶಬಂಧುಗಳ ಪ್ರತಿಮೆಗೆ ಹಾರ ಹಾಕುವವರು ಈ ಮಾತನ್ನು ಪರ್ಯಾಲೋಚಿಸಲಿ.